ಆರಿದ ಪರದೆ, ಓದುವ ಬೆರಳು

ಮೌಸ್ ಮುಟ್ಟದೆ, ಪರದೆ ನೋಡದೆ ಕಂಪ್ಯೂಟರನ್ನು ಆಳುವವರಿದ್ದಾರೆ. ಅವರಿಗೆ ಇನ್ಸರ್ಟ್ ಕೀ ಊರುಗೋಲು, ಎಚ್ ಅಕ್ಷರ ದಾರಿಗಲ್ಲು. ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎಗೆ 2026ರ ಏಪ್ರಿಲ್‌ನಲ್ಲಿ ಇಪ್ಪತ್ತು ತುಂಬಿತು. ಕೀಗಳನ್ನು ಕಲಿಯುವ ಕೆಲಸವನ್ನು ಅಂಧರು ಮಾಡಿ ಮುಗಿಸಿದ್ದಾರೆ. ಗುಂಡಿಗೊಂದು ಹೆಸರು ಬರೆಯುವ ಕೆಲಸವನ್ನು ಕಣ್ಣಿದ್ದವರು ಬಾಕಿ ಉಳಿಸಿಕೊಂಡಿದ್ದಾರೆ.

ಮಾನಿಟರ್ ಆರಿದೆ. ಕೋಣೆಯ ದೀಪ ಹಾಕಿಲ್ಲ, ಹಾಕುವ ಅಗತ್ಯವೂ ಇಲ್ಲ. ಕೆಂಗೇರಿ ಉಪನಗರದಲ್ಲಿ ಇನ್ನೂ ಬೆಳಕು ಹರಿಯುವ ಹೊತ್ತು. ಬಸ್ಸುಗಳು ಟರ್ಮಿನಲ್ ಕಡೆ ತಿರುಗುವ ಸದ್ದು ಕಿಟಕಿಗೆ ಬರುತ್ತಿದೆ. ಮೇಜಿನ ಮುಂದೆ ಕೂತವರ ತೋರುಬೆರಳುಗಳು ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬುಗೆರೆಗಳನ್ನು ಹುಡುಕಿ ನಿಲ್ಲುತ್ತವೆ. ಆ ಎರಡು ಗೆರೆ ಸಿಕ್ಕರೆ ಸಾಕು, ಉಳಿದ ಕೀಗಳೆಲ್ಲ ಎಲ್ಲಿವೆ ಎಂಬುದು ಕೈಗೆ ಗೊತ್ತು.

ಕಂಟ್ರೋಲ್, ಆಲ್ಟ್, ಎನ್. ಮೂರು ಕೀಗಳನ್ನು ಒಟ್ಟಿಗೆ ಒತ್ತಿದ ಕೂಡಲೇ ಕಂಪ್ಯೂಟರ್ ಮಾತನಾಡತೊಡಗುತ್ತದೆ. ಇನ್ಸರ್ಟ್ ಜತೆ ಎಫ್12 ಒತ್ತಿದರೆ ಗಂಟೆ ಹೇಳುತ್ತದೆ, ಎರಡು ಸಲ ಒತ್ತಿದರೆ ತಾರೀಖು. ಬ್ರೌಸರ್ ತೆರೆಯುತ್ತದೆ, ಸುದ್ದಿಯ ಪುಟ ಬರುತ್ತದೆ. ಎಚ್ ಒತ್ತಿದಾಗ ಒಂದು ತಲೆಬರಹ, ಮತ್ತೆ ಎಚ್ ಒತ್ತಿದಾಗ ಮುಂದಿನದು. ಬೇಡದ ಸುದ್ದಿಯ ಮೊದಲ ಎರಡು ಪದ ಕಿವಿಗೆ ಬೀಳುವಷ್ಟರಲ್ಲಿ ಬೆರಳು ಮುಂದಿನ ಸುದ್ದಿಗೆ ಹಾರಿರುತ್ತದೆ. ದನಿ ಎಷ್ಟು ವೇಗವೆಂದರೆ, ಪಕ್ಕದಲ್ಲಿ ನಿಂತ ಕಣ್ಣಿದ್ದವರಿಗೆ ಒಂದು ಪದವೂ ಬಿಡಿಯಾಗಿ ಕೇಳಿಸದು.

ಕರ್ನಾಟಕದ ಅಂಧ ವಿದ್ಯಾರ್ಥಿಗಳು, ಬ್ಯಾಂಕ್ ನೌಕರರು, ಉಪನ್ಯಾಸಕರು, ಸಾಫ್ಟ್‌ವೇರ್ ಎಂಜಿನಿಯರುಗಳು ಬಹುಪಾಲು ಈ ರೀತಿಯಲ್ಲೇ ಕೆಲಸ ಮಾಡುತ್ತಾರೆ.

ಮೌಸ್ ಏಕೆ ಬೇಡ?

ಮೌಸ್ ಕೆಲಸ ಮಾಡುವುದು ಕೈಯಿಂದಲ್ಲ, ಕಣ್ಣಿನಿಂದ. ಬಾಣದ ಗುರುತು ಎಲ್ಲಿದೆ ಎಂದು ಕಣ್ಣು ಕ್ಷಣಕ್ಷಣವೂ ನೋಡಿ ಹೇಳಬೇಕು, ಕೈ ಅದನ್ನು ಅನುಸರಿಸಬೇಕು. ಆ ಕೊಂಡಿ ಇಲ್ಲದವರಿಗೆ ಮೌಸ್ ಬರಿಯ ಪ್ಲಾಸ್ಟಿಕ್ ತುಂಡು.

ಕೀಬೋರ್ಡ್ ಹಾಗಲ್ಲ. ಅಲ್ಲಿ ಪ್ರತಿ ಕೀಗೂ ಬದಲಾಗದ ಜಾಗವಿದೆ. ಟ್ಯಾಬ್ ಒತ್ತಿದರೆ ಮುಂದಿನ ಗುಂಡಿಗೆ ಹೋಗುವುದು ಖಚಿತ, ಶಿಫ್ಟ್ ಸೇರಿಸಿ ಒತ್ತಿದರೆ ಹಿಂದಿನದಕ್ಕೆ ಬರುವುದೂ ಖಚಿತ. ಆಲ್ಟ್ ಮತ್ತು ಟ್ಯಾಬ್ ಒಂದು ಕೆಲಸದಿಂದ ಇನ್ನೊಂದಕ್ಕೆ ಒಯ್ಯುತ್ತವೆ, ಆಲ್ಟ್ ಮತ್ತು ಎಫ್4 ಬಾಗಿಲು ಮುಚ್ಚುತ್ತವೆ. ಮೌಸಿನ ಬಲಗುಂಡಿ ಮಾಡುವ ಕೆಲಸವನ್ನು ಶಿಫ್ಟ್ ಮತ್ತು ಎಫ್10 ಮಾಡುತ್ತವೆ. ಇವೆಲ್ಲ ಅಂಧರಿಗೆಂದು ಮಾಡಿಟ್ಟ ವಿಶೇಷ ಸೌಲಭ್ಯಗಳಲ್ಲ. ವಿಂಡೋಸ್ ಇರುವ ಪ್ರತಿ ಕಂಪ್ಯೂಟರಿನಲ್ಲೂ ಇರುವ ದಾರಿಗಳು. ಮೌಸ್ ಹಿಡಿದವರು ಅವನ್ನು ಬಳಸದೆ ಮರೆತಿದ್ದಾರೆ, ಅಷ್ಟೆ.

ಈ ದಾರಿಗಳಿಗೆ ದನಿ ಕೊಡುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಹೆಸರು ಕೇಳಿದರೆ ಅದು ಪರದೆಯ ಚಿತ್ರ ನೋಡಿ ಓದುತ್ತದೆ ಎನಿಸಬಹುದು. ವಾಸ್ತವದಲ್ಲಿ ಅದು ಪರದೆಯನ್ನು ನೋಡುವುದೇ ಇಲ್ಲ. ಪ್ರತಿ ಗುಂಡಿ, ಪಟ್ಟಿ, ಚೌಕದ ಬಗ್ಗೆ ಮೂರು ಮಾತು ಕೇಳುತ್ತದೆ: ನಿನ್ನ ಹೆಸರೇನು, ನೀನು ಯಾವ ಬಗೆಯವನು, ಈಗ ಯಾವ ಸ್ಥಿತಿಯಲ್ಲಿದ್ದೀಯೆ? ‘ಒಪ್ಪಿಗೆ ಇದೆ, ಚೆಕ್ ಬಾಕ್ಸ್, ಗುರುತು ಹಾಕಿಲ್ಲ’ ಎಂಬ ಉತ್ತರ ಬರುತ್ತದೆ. ಅದನ್ನೇ ಓದುತ್ತದೆ.

ಉತ್ತರ ಕೊಡಬೇಕಾದ್ದು ಆ ಪುಟವನ್ನು, ಆ ತಂತ್ರಾಂಶವನ್ನು ಬರೆದವರು. ಅವರು ಗುಂಡಿಗೆ ಹೆಸರೇ ಇಡದಿದ್ದರೆ ಬರಿದೇ ‘ಬಟನ್’ ಎಂಬ ದನಿ ಬರುತ್ತದೆ. ಐದು ಗುಂಡಿಗಳಿದ್ದರೆ ಬಟನ್, ಬಟನ್, ಬಟನ್, ಬಟನ್, ಬಟನ್. ಯಾವುದು ಹಣ ಕಳಿಸುತ್ತದೆ, ಯಾವುದು ಅರ್ಜಿಯನ್ನೇ ಅಳಿಸಿಹಾಕುತ್ತದೆ ಎಂದು ತಿಳಿಯುವ ದಾರಿ ಇಲ್ಲ.

ಎರಡು ದನಿಗಳು

ಕಂಪ್ಯೂಟರಿನ ಪರದೆಯಲ್ಲಿ ಬರಿಯ ಅಕ್ಷರಗಳಿದ್ದ ಡಾಸ್ ಕಾಲದಲ್ಲಿ ಓದಿಸುವುದು ಸುಲಭವಿತ್ತು. ಅಮೆರಿಕದ ಟೆಡ್ ಹೆಂಟರ್ ಮೋಟರ್‌ಸೈಕಲ್ ರೇಸ್ ಓಡಿಸುತ್ತಿದ್ದವರು. 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಹೋಯಿತು. ಅವರು ಪ್ರೋಗ್ರಾಮಿಂಗ್ ಕಲಿತು 1987ರಲ್ಲಿ ಜತೆಗಾರರೊಂದಿಗೆ ಕಂಪನಿ ಕಟ್ಟಿದರು. ಅಲ್ಲಿಂದ ಬಂದದ್ದು ಜಾಸ್. ವಿಂಡೋಸ್ ಬಂದು ಪರದೆಯೆಲ್ಲ ಚಿತ್ರಮಯವಾದಾಗ ಅಂಧ ನೌಕರರ ಕೆಲಸಕ್ಕೇ ಕುತ್ತು ಬಂತು. 1995ರಲ್ಲಿ ಜಾಸ್ ವಿಂಡೋಸ್‌ಗೂ ಬಂದದ್ದರಿಂದ ಅನೇಕರ ಕುರ್ಚಿ ಉಳಿಯಿತು.

ಜಾಸ್ ಒಳ್ಳೆಯ ತಂತ್ರಾಂಶ, ಆದರೆ ದುಬಾರಿ. ಒಬ್ಬ ವಿದ್ಯಾರ್ಥಿಯ ಪಾಲಿಗೆ ಅದರ ಬೆಲೆ ಕಂಪ್ಯೂಟರಿನ ಬೆಲೆಯನ್ನೇ ಮೀರಿಸುತ್ತಿತ್ತು. ಕಣ್ಣಿದ್ದವರು ಪರದೆ ನೋಡಲು ಬೇರೆ ದುಡ್ಡು ಕೊಡುವುದಿಲ್ಲ, ಅಂಧರು ಕೇಳಲು ಏಕೆ ಕೊಡಬೇಕು? 2006ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಉಚಿತ ಸ್ಕ್ರೀನ್ ರೀಡರ್ ಬರೆಯಲು ಕೂತಿದ್ದು ಈ ನ್ಯಾಯದ ಮೇಲೆ. ಬಾಲ್ಯದಲ್ಲಿ ಸಂಗೀತ ಶಿಬಿರವೊಂದರಲ್ಲಿ ಗೆಳೆಯರಾಗಿದ್ದ ಜೇಮ್ಸ್ ಟೆ ಜತೆಗೂಡಿದರು, ಅವರೂ ಅಂಧರೇ. 2007ರಲ್ಲಿ ಇಬ್ಬರೂ ಸೇರಿ ಎನ್‌ವಿ ಆಕ್ಸೆಸ್ ಎಂಬ ಸಂಸ್ಥೆ ಕಟ್ಟಿದರು.

ಅವರ ತಂತ್ರಾಂಶದ ಹೆಸರು ನಾನ್‌ವಿಶುವಲ್ ಡೆಸ್ಕ್‌ಟಾಪ್ ಆಕ್ಸೆಸ್, ಬಳಕೆಯಲ್ಲಿ ಎನ್‌ವಿಡಿಎ. ಇಳಿಸಿಕೊಳ್ಳಲು ದುಡ್ಡು ಬೇಡ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಯಾವ ವಿಂಡೋಸ್ ಕಂಪ್ಯೂಟರಿಗಾದರೂ ಚುಚ್ಚಿ ಓಡಿಸಬಹುದು. ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಜಗತ್ತಿನ ಬೇರೆಬೇರೆ ಕಡೆಯ ಸ್ವಯಂಸೇವಕರು ಅದನ್ನು ತಮ್ಮ ಭಾಷೆಗೆ ತಂದುಕೊಂಡರು. ಅದರ ಜತೆಗೇ ಬರುವ ಇ-ಸ್ಪೀಕ್ ಎಂಬ ಪುಟ್ಟ ಧ್ವನಿ ಎಂಜಿನ್ ಕನ್ನಡವನ್ನೂ ಓದುತ್ತದೆ. ಆ ದನಿ ಯಾಂತ್ರಿಕವಾದುದು, ಮೊದಲ ಸಲ ಕೇಳಿದವರಿಗೆ ಒರಟು. ಆದರೆ ವೇಗ ಏರಿಸಿದಷ್ಟೂ ಸ್ಪಷ್ಟತೆ ಕೆಡದಿರುವುದು ಅದರ ಗುಣ. ಬಳಸಿ ಪಳಗಿದವರಲ್ಲಿ ಹಲವರು ಇಂಪಾದ ದನಿಗಿಂತ ಇದನ್ನೇ ಬಯಸುತ್ತಾರೆ.

ಊರುಗೋಲಾದ ಇನ್ಸರ್ಟ್

ಸ್ಕ್ರೀನ್ ರೀಡರಿಗೆ ತನ್ನದೇ ಆದ ಆಜ್ಞೆಗಳು ಬೇಕು, ಆದರೆ ಅವು ವಿಂಡೋಸಿನ ಆಜ್ಞೆಗಳಿಗೆ ಅಡ್ಡ ಬರಬಾರದು. ಅದಕ್ಕೆ ಹೆಚ್ಚು ಯಾರೂ ಮುಟ್ಟದ ಇನ್ಸರ್ಟ್ ಕೀಯನ್ನು ಆರಿಸಿಕೊಳ್ಳಲಾಯಿತು. ಜಾಸ್‌ನಲ್ಲೂ ಅದೇ, ಎನ್‌ವಿಡಿಎಯಲ್ಲೂ ಅದೇ. ಚಿಕ್ಕ ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಕೈಗೆ ಸಿಗದಿದ್ದರೆ ಕ್ಯಾಪ್ಸ್ ಲಾಕ್ ಅದರ ಕೆಲಸ ಮಾಡುತ್ತದೆ.

ಕಲಿಕೆಯಲ್ಲಿ ಮೊದಲು ಬರಬೇಕಾದ್ದು ಮಾತು ನಿಲ್ಲಿಸುವ ಕೀ. ಕಂಟ್ರೋಲ್ ಒತ್ತಿದರೆ ದನಿ ಥಟ್ಟನೆ ನಿಲ್ಲುತ್ತದೆ. ನಿಲ್ಲಿಸಲು ಬಾರದ ದನಿ ಹೊಸಬರನ್ನು ಗಾಬರಿಗೊಳಿಸುತ್ತದೆ, ನಿಲ್ಲಿಸಲು ಬಂದವರಿಗೆ ಅದು ಅಂಕೆಯಲ್ಲಿರುತ್ತದೆ. ಎರಡನೆಯದು ಇನ್ಸರ್ಟ್ ಮತ್ತು 1. ಇದು ಅಭ್ಯಾಸದ ಅಂಗಳ: ಇದನ್ನು ಒತ್ತಿದ ಮೇಲೆ ಯಾವ ಕೀ ಮುಟ್ಟಿದರೂ ಅದರ ಹೆಸರು, ಕೆಲಸ ಹೇಳುತ್ತದೆಯೇ ಹೊರತು ಕಂಪ್ಯೂಟರಿನಲ್ಲಿ ಏನೂ ಆಗುವುದಿಲ್ಲ. ಮನಬಂದಂತೆ ಕುಟ್ಟಿ ಕಲಿಯಬಹುದು.

ನಂತರದ ಪ್ರಶ್ನೆ ‘ನಾನೀಗ ಎಲ್ಲಿದ್ದೇನೆ’ ಎಂಬುದು. ಕಣ್ಣಿದ್ದವರಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ, ಪರದೆ ಇಡಿಯಾಗಿ ಎದುರಿಗಿರುತ್ತದೆ. ಕಿವಿಗೆ ಒಂದು ಹೊತ್ತಿಗೆ ಒಂದೇ ಸಂಗತಿ. ಇನ್ಸರ್ಟ್ ಮತ್ತು ಟಿ ಕಿಟಕಿಯ ಹೆಸರು ಹೇಳುತ್ತದೆ, ಇನ್ಸರ್ಟ್ ಮತ್ತು ಟ್ಯಾಬ್ ಈಗ ನಿಂತ ಗುಂಡಿಯ ಹೆಸರು ಹೇಳುತ್ತದೆ. ದಾರಿ ತಪ್ಪಿದಾಗ ಈ ಎರಡು ಸಾಕು.

ಬಾಕ್ಸ್: ಮೊದಲ ವಾರದ ಕೀಗಳು (ಎನ್‌ವಿಡಿಎ, ಡೆಸ್ಕ್‌ಟಾಪ್ ವಿನ್ಯಾಸ)

ಕಂಟ್ರೋಲ್ + ಆಲ್ಟ್ + ಎನ್: ಶುರು
ಇನ್ಸರ್ಟ್ + ಕ್ಯೂ: ಮುಕ್ತಾಯ
ಕಂಟ್ರೋಲ್: ಮಾತು ನಿಲ್ಲಿಸಲು
ಶಿಫ್ಟ್: ಮಾತನ್ನು ತಡೆದು, ಮತ್ತೆ ಒತ್ತಿ ಮುಂದುವರಿಸಲು
ಇನ್ಸರ್ಟ್ + ಕೆಳಬಾಣ: ಇಲ್ಲಿಂದ ಕೊನೆಯವರೆಗೆ ಓದು
ಇನ್ಸರ್ಟ್ + ಮೇಲ್ಬಾಣ: ಈ ಸಾಲು ಮಾತ್ರ ಓದು
ಇನ್ಸರ್ಟ್ + ಎಫ್: ಅಕ್ಷರದ ಗಾತ್ರ, ಶೈಲಿ ಹೇಳು
ಇನ್ಸರ್ಟ್ + ಶಿಫ್ಟ್ + ಬಿ: ಬ್ಯಾಟರಿ ಎಷ್ಟಿದೆ ಹೇಳು

ಬಲಬದಿಯ ಅಂಕಿಗಳ ಗುಂಪು ಓದುವ ಉಪಕರಣವಾಗಿ ಬದಲಾಗುವುದು ಇನ್ನೊಂದು ಸೊಗಸು. 7, 8, 9 ಹಿಂದಿನ, ಈಗಿನ, ಮುಂದಿನ ಸಾಲು. 4, 5, 6 ಅದೇ ಕ್ರಮದಲ್ಲಿ ಪದ. 1, 2, 3 ಅಕ್ಷರ. ನಡುವಿನ 5ರ ಮೇಲೆ ಉಬ್ಬು ಇರುತ್ತದೆ, ಕೈ ಅದನ್ನೇ ಆಧಾರವಾಗಿ ಹಿಡಿಯುತ್ತದೆ. ಪದವೊಂದರ ಕಾಗುಣಿತ ಸರಿ ಇದೆಯೇ ಎಂದು ನೋಡಲು 5ನ್ನು ಎರಡು ಸಲ ಒತ್ತಿದರೆ ಅಕ್ಷರ ಬಿಡಿಸಿ ಹೇಳುತ್ತದೆ.

ಒಂದೇ ಅಕ್ಷರದ ಹಾದಿಗಳು

ಅಂತರ್ಜಾಲದ ಪುಟದಲ್ಲಿ ಕೀಬೋರ್ಡ್ ಬೇರೆಯೇ ರೂಪ ತಳೆಯುತ್ತದೆ. ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಕೇಳುತ್ತ ಕೂರುವಷ್ಟು ಬಿಡುವು ಯಾರಿಗೂ ಇಲ್ಲ. ಎಚ್ ತಲೆಬರಹಕ್ಕೆ, ಕೆ ಕೊಂಡಿಗೆ, ಟಿ ಕೋಷ್ಟಕಕ್ಕೆ, ಬಿ ಗುಂಡಿಗೆ, ಇ ಬರೆಯುವ ಚೌಕಕ್ಕೆ, ಎಕ್ಸ್ ಚೆಕ್ ಬಾಕ್ಸಿಗೆ ಒಯ್ಯುತ್ತದೆ. ಶಿಫ್ಟ್ ಸೇರಿಸಿದರೆ ಅದೇ ಹಾದಿಯಲ್ಲಿ ಹಿಂದಕ್ಕೆ. 1ರಿಂದ 6ರವರೆಗಿನ ಅಂಕಿಗಳು ಆಯಾ ದರ್ಜೆಯ ತಲೆಬರಹಕ್ಕೆ. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಪುಟದ ಕೊಂಡಿಗಳೆಲ್ಲ, ತಲೆಬರಹಗಳೆಲ್ಲ ಒಂದು ಪಟ್ಟಿಯಾಗಿ ಬಂದು ನಿಲ್ಲುತ್ತವೆ.

ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ. ಓದುವಾಗ ಎಚ್ ಎಂದರೆ ತಲೆಬರಹ. ಅರ್ಜಿಯ ಚೌಕದಲ್ಲಿ ಹೆಸರು ಬರೆಯುವಾಗ ಎಚ್ ಎಂದರೆ ಎಚ್ ಅಕ್ಷರವೇ ಆಗಬೇಕು. ಆದ್ದರಿಂದ ಎರಡು ಸ್ಥಿತಿಗಳಿವೆ, ಓದುವ ಬ್ರೌಸ್ ಮೋಡ್ ಮತ್ತು ಬರೆಯುವ ಫೋಕಸ್ ಮೋಡ್. ಇನ್ಸರ್ಟ್ ಮತ್ತು ಸ್ಪೇಸ್ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ; ದಾಟಿದ್ದಕ್ಕೆ ಗುರುತಾಗಿ ಸಣ್ಣ ಸದ್ದು ಬರುತ್ತದೆ. ಆ ಸದ್ದು ಗಮನಿಸದವರು ಹೆಸರು ಟೈಪಿಸಲು ಹೋಗಿ ಪುಟದ ಮೂಲೆಮೂಲೆಗೆ ಹಾರಿರುತ್ತಾರೆ. ಸದ್ದಿಗೆ ಕಿವಿ ಹೊಂದಿಕೊಂಡ ಮೇಲೆ ಈ ತೊಡಕು ಮತ್ತೆ ಕಾಡುವುದಿಲ್ಲ.

ಕೋಷ್ಟಕದಲ್ಲಿ ಕಂಟ್ರೋಲ್, ಆಲ್ಟ್ ಹಿಡಿದು ಬಾಣ ಒತ್ತಿದರೆ ಒಂದೊಂದೇ ಮನೆ ದಾಟಬಹುದು. ಅಂಕಪಟ್ಟಿಯಲ್ಲಿ ‘82’ ಎಂದಷ್ಟೇ ಕೇಳಿದರೆ ಯಾವ ವಿಷಯದ್ದು ಎಂದು ತಿಳಿಯದು. ಕೋಷ್ಟಕದ ಮೇಲ್ಸಾಲನ್ನು ಶೀರ್ಷಿಕೆ ಎಂದು ಗುರುತಿಸಿದ್ದರೆ ‘ಇತಿಹಾಸ, 82’ ಎಂದು ಓದುತ್ತದೆ. ಪುಟ ಮಾಡುವವರ ಒಂದು ನಿಮಿಷದ ಕೆಲಸ ಇಷ್ಟು ವ್ಯತ್ಯಾಸ ಮಾಡುತ್ತದೆ.

ಪುಟದೊಳಗಿನ ಇಂಥ ಗುರುತುಗಳಿಗೆ ನೆಲದ ಮೇಲೊಂದು ಹೋಲಿಕೆ ಇದೆ. ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. ನಿಲ್ದಾಣದ ನೆಲದಲ್ಲಿ ಉಬ್ಬು ಹಾಸುಗಲ್ಲುಗಳ ಹಾದಿ ಇದೆ. ಬಿಳಿಕೋಲಿನ ತುದಿಗೆ, ಪಾದಕ್ಕೆ ಅದು ತಿಳಿಯುತ್ತದೆ. ಉದ್ದ ಗೆರೆಗಳಿದ್ದರೆ ನಡೆ, ದುಂಡು ಉಬ್ಬುಗಳಿದ್ದರೆ ನಿಲ್ಲು, ತಿರುವಿದೆ. ಅಂತರ್ಜಾಲದ ಪುಟದಲ್ಲಿ ತಲೆಬರಹಗಳು, ಗುಂಡಿಯ ಹೆಸರುಗಳು ಇದೇ ಹಾಸುಗಲ್ಲುಗಳು. ಬರಿಯ ಅಕ್ಷರ ದಪ್ಪ ಮಾಡಿ ತಲೆಬರಹದಂತೆ ಕಾಣಿಸಿದರೆ ಕಣ್ಣಿಗೆ ಸರಿ, ಎಚ್ ಕೀಗೆ ಅಲ್ಲಿ ಏನೂ ಸಿಗದು.

ಕನ್ನಡ ಕಿವಿಗೆ ಬೀಳುವುದು ಹೇಗೆ

ಕನ್ನಡ ಟೈಪಿಸುವ ವಿಷಯದಲ್ಲಿ ಅಂಧರಿಗೆ ಒಂದು ಭಾಗ್ಯ ಒದಗಿದೆ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆ ವಿನ್ಯಾಸ ಉಚ್ಚಾರಣೆಯ ಕ್ರಮವನ್ನೇ ಅನುಸರಿಸುತ್ತದೆ. ಕೆ ಎಂದರೆ ಕ, ಎನ್ ಎಂದರೆ ನ, ಎಫ್ ಒತ್ತಿದರೆ ಒತ್ತಕ್ಷರಕ್ಕೆ ಬೇಕಾದ ಅರ್ಧ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತುಗಳು. ಯೂನಿಕೋಡ್‌ನಲ್ಲಿ ಅದು ಉಳಿಯುವುದೂ ಅದೇ ಐದು ಸಂಕೇತಗಳಾಗಿ, ಅದೇ ಕ್ರಮದಲ್ಲಿ. ಬಾಯಲ್ಲಿ ಬರುವ ಕ್ರಮ, ಬೆರಳಿನ ಕ್ರಮ, ಕಂಪ್ಯೂಟರಿನ ಒಳಗಿನ ಕ್ರಮ ಮೂರೂ ಒಂದೇ. ಒತ್ತು ಕೆಳಗೆ ಬರುತ್ತದೋ ಪಕ್ಕಕ್ಕೆ ಬರುತ್ತದೋ ಎಂಬ ಆಕಾರದ ಚಿಂತೆ ಕೇಳಿ ಬರೆಯುವವರಿಗೆ ಬೇಕಿಲ್ಲ.

ತಿದ್ದುವಾಗ ಮಾತ್ರ ಎಚ್ಚರ ಬೇಕು. ‘ಸ್ತ್ರೀ’ ಕಣ್ಣಿಗೆ ಒಂದು ಅಕ್ಷರ, ಒಳಗೆ ಆರು ಸಂಕೇತ. ಬಾಣದ ಕೀ ಒತ್ತಿದರೆ ಸಾಮಾನ್ಯವಾಗಿ ಇಡೀ ಅಕ್ಷರವನ್ನು ಒಂದೇ ನೆಗೆತಕ್ಕೆ ದಾಟುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಈಕಾರ ಮಾತ್ರ ಹೋಗುತ್ತದೆ. ಈ ವ್ಯತ್ಯಾಸ ತಿಳಿಯದವರು ಒಂದು ಗುಣಿತ ತಿದ್ದಲು ಹೋಗಿ ಪದವನ್ನೇ ಕೆಡಿಸಿಕೊಳ್ಳುತ್ತಾರೆ.

ನಿಜವಾದ ಗೋಡೆ ಬೇರೆ ಇದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಆದರೂ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳು, ಸುತ್ತೋಲೆಗಳು, ಪುಸ್ತಕಗಳು ರಾಶಿರಾಶಿ ಉಳಿದಿವೆ, ಇಂದಿಗೂ ಹೊಸದಾಗಿ ಹುಟ್ಟುತ್ತಿವೆ. ಅವುಗಳಲ್ಲಿ ಕನ್ನಡ ಕಾಣುತ್ತದೆ, ಆದರೆ ಇಲ್ಲ.

ಬಾಕ್ಸ್: ಒಂದು ಪದ, ಎರಡು ಒಡಲು

ಯೂನಿಕೋಡ್‌ನಲ್ಲಿ ಬರೆದ ‘ಕನ್ನಡ’ದ ಒಳಗಿರುವುದು: ಕ, ನ, ಅರ್ಧಾಕ್ಷರದ ಗುರುತು, ನ, ಡ.

ಹಳೆಯ ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ದ ಒಳಗಿರುವುದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಓರೆಗೆರೆಯ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಓರೆಗೆರೆಯ ಎ.

ಕಾಗದದ ಮೇಲೆ ಎರಡೂ ಒಂದೇ. ಸ್ಕ್ರೀನ್ ರೀಡರ್ ಓದಿದಾಗ ಮೊದಲನೆಯದು ಕನ್ನಡ, ಎರಡನೆಯದು ಅರ್ಥವಿಲ್ಲದ ಉಲಿ.

ಸ್ಕ್ಯಾನ್ ಮಾಡಿದ ಪಿಡಿಎಫ್ ಇನ್ನೊಂದು ಗೋಡೆ. ಅದು ಪುಟದ ಫೋಟೊ. ಅದರಲ್ಲಿ ಓದಲು ಅಕ್ಷರವೇ ಇಲ್ಲ. ಇದಕ್ಕೆ ಮದ್ದು ಹುಡುಕುವ ಕೆಲಸ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಸಂಗಡಿಗರು ಮುದ್ರಿತ ಕನ್ನಡ ಪುಟವನ್ನು ಅಕ್ಷರವಾಗಿ ಬದಲಿಸುವ ‘ಲಿಪಿ ಜ್ಞಾನಿ’ ತಂತ್ರಾಂಶವನ್ನೂ, ಬರಹವನ್ನು ದನಿಯಾಗಿಸುವ ವ್ಯವಸ್ಥೆಯನ್ನೂ ಕನ್ನಡಕ್ಕಾಗಿ ಕಟ್ಟಿದರು.

ಪುಟ ಕನ್ನಡದ್ದು ಎಂಬ ಸಣ್ಣ ಗುರುತನ್ನು ಜಾಲತಾಣದ ಒಳಗೆ ಬರೆದಿಡುವುದೂ ಮುಖ್ಯ. ಆ ಗುರುತಿದ್ದರೆ ಎನ್‌ವಿಡಿಎ ತಾನಾಗಿ ಇಂಗ್ಲಿಷ್ ದನಿಯಿಂದ ಕನ್ನಡ ದನಿಗೆ ಹೊರಳಿಕೊಳ್ಳುತ್ತದೆ.

ಕಲಿಸುವವರು, ಕಾಯಿದೆ

ಬೆಂಗಳೂರಿನಲ್ಲಿ ಈ ಕಲಿಕೆಗೆ ಮೂರು ದಶಕಗಳ ಹಿನ್ನೆಲೆ ಇದೆ. ಸ್ವತಃ ಅಂಧರಾದ ಮಧು ಸಿಂಘಾಲ್ 1990ರಲ್ಲಿ ಮಿತ್ರ ಜ್ಯೋತಿಯನ್ನು, ಅಂಧರೇ ಆದ ಮಹಾಂತೇಶ್ ಜಿ. ಕಿವಡಸಣ್ಣವರ್ ಗೆಳೆಯ ನಾಗೇಶ್ ಜತೆ 1997ರಲ್ಲಿ ಸಮರ್ಥನಂ ಸಂಸ್ಥೆಯನ್ನು ಆರಂಭಿಸಿದರು. ತಮ್ಮನ ದೃಷ್ಟಿ ಕುಂದುತ್ತ ಹೋದಾಗ ಅವನಿಗೆ ಕಲಿಸುತ್ತ ಕಲಿತ ಶಾಂತಿ ರಾಘವನ್, ಪತಿ ದೀಪೇಶ್ ಸುತಾರಿಯಾ ಜತೆ 1999ರಲ್ಲಿ ಎನೇಬಲ್ ಇಂಡಿಯಾ ಕಟ್ಟಿದರು. ಸ್ಕ್ರೀನ್ ರೀಡರ್ ಮೂಲಕ ಕಂಪ್ಯೂಟರ್ ಕಲಿಸಿ ಉದ್ಯೋಗಕ್ಕೆ ಅಣಿಗೊಳಿಸುವುದು ಇಂಥ ಸಂಸ್ಥೆಗಳ ಮುಖ್ಯ ಕೆಲಸ. ಎಸ್ಸೆಸ್ಸೆಲ್ಸಿ ನಂತರ ಓದುವ ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ರಾಜ್ಯ ಸರ್ಕಾರದಲ್ಲಿದೆ. ಲ್ಯಾಪ್‌ಟಾಪ್ ಕೊಟ್ಟರಷ್ಟೇ ಸಾಲದು. ಕೀಗಳನ್ನು ಕಲಿಸುವವರು ಹತ್ತಿರದಲ್ಲಿರಬೇಕು. ಮೇಲಿನ ಮೂರೂ ಸಂಸ್ಥೆಗಳು ನೆಲೆ ನಿಂತದ್ದು ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳ ಕಡೆ. ಕೆಂಗೇರಿಯಿಂದ ಅದು ನಗರದ ಇನ್ನೊಂದು ಅಂಚು. ಪಡುವಣ ಬೆಂಗಳೂರಿನ ಬಡಾವಣೆಗಳ ಗ್ರಂಥಾಲಯಗಳಲ್ಲಿ ಎನ್‌ವಿಡಿಎ ಇರುವ ಒಂದೊಂದು ಕಂಪ್ಯೂಟರ್, ವಾರಕ್ಕೆ ಎರಡು ದಿನ ಕಲಿಸುವ ಒಬ್ಬರು ಇರುವುದು ದೊಡ್ಡ ಖರ್ಚಿನ ಮಾತಲ್ಲ.

2011ರ ಜನಗಣತಿಯಂತೆ ದೇಶದಲ್ಲಿ ದೃಷ್ಟಿ ತೊಂದರೆ ಇರುವವರು 50 ಲಕ್ಷಕ್ಕೂ ಹೆಚ್ಚು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸರ್ಕಾರಿ ಉದ್ಯೋಗದಲ್ಲಿ ಅಂಧರು ಮತ್ತು ಮಂದದೃಷ್ಟಿಯವರಿಗೆ ಶೇ 1ರಷ್ಟು ಮೀಸಲಿಟ್ಟಿದೆ, ವಿದ್ಯುನ್ಮಾನ ಮಾಹಿತಿ ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂದೂ ಹೇಳಿದೆ. ಬ್ಯಾಂಕಿನ ಗ್ರಾಹಕ ಗುರುತು ದೃಢೀಕರಣದಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕು ಎಂಬ ನಿಯಮ ಅಂಧರನ್ನೂ ಆ್ಯಸಿಡ್ ದಾಳಿಯಲ್ಲಿ ಮುಖ ವಿರೂಪಗೊಂಡವರನ್ನೂ ಹೊರಗಿಟ್ಟಿತ್ತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು.

ಹತ್ತು ನಿಮಿಷದ ಪರೀಕ್ಷೆ

ಜಾಲತಾಣ ಮಾಡುವವರು, ಕಚೇರಿಯ ಸುತ್ತೋಲೆ ಬರೆಯುವವರು, ಶಾಲೆಯ ಪ್ರವೇಶ ಅರ್ಜಿ ರೂಪಿಸುವವರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಬಹುದು. ವಿಂಡೋಸ್ ಜತೆಗೇ ಬರುವ ನ್ಯಾರೇಟರ್ ಎಂಬ ಸ್ಕ್ರೀನ್ ರೀಡರ್ ಪ್ರತಿ ಕಂಪ್ಯೂಟರಿನಲ್ಲೂ ಇದೆ. ವಿಂಡೋಸ್, ಕಂಟ್ರೋಲ್, ಎಂಟರ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಅದು ಮಾತನಾಡತೊಡಗುತ್ತದೆ. ಮೌಸ್ ಬದಿಗಿಟ್ಟು, ಮಾನಿಟರ್ ಆರಿಸಿ, ತಾವು ಮಾಡಿದ ಅರ್ಜಿಯನ್ನು ಟ್ಯಾಬ್ ಕೀಯಿಂದ ಮೊದಲಿನಿಂದ ಕೊನೆಯವರೆಗೆ ತುಂಬಿ ನೋಡಲಿ. ಎಲ್ಲಿ ಬರಿದೇ ‘ಬಟನ್’ ಎಂದು ಕೇಳಿಸುತ್ತದೋ ಅಲ್ಲಿ ಒಂದು ಹೆಸರು ಬರೆಯಲಿ. ಹಳೆಯ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ಬದಲಿಸಿ ಕಳಿಸಲಿ. ಪರೀಕ್ಷೆ ಮುಗಿದ ಮೇಲೆ ನ್ಯಾರೇಟರ್ ನಿಲ್ಲಿಸಲೂ ಅದೇ ಮೂರು ಕೀ.